ಅಂಚಿನ ಪಟ್ಟು

“ಸ್ವಲ್ಪ ಎಡಕ್ಕೆ... ನಿನ್ನ ಎಡಕ್ಕಲ್ಲ ಮಾರಾಯ, ನನ್ನ ಎಡಕ್ಕೆ!” ಎಂದು ಗೊಹೇ ಕೂಗಿದ. ಪೆಟ್ಟಿಗೆ ಮತ್ತೊಮ್ಮೆ ಬಾಗಿಲ ಚೌಕಟ್ಟಿಗೆ ತಗುಲಿ ನಿಂತಿತು.

ಜಾರುಬಾಗಿಲುಗಳನ್ನು ಆಗಲೇ ಕಿತ್ತು ಅಂಗಳದ ಗೋಡೆಗೆ ಒರಗಿಸಿದ್ದರು. ಹಮಾದೆ ಶೋಜೊನ ಅಳತೆಯ ಶವಪೆಟ್ಟಿಗೆ ಊರಿನಲ್ಲಿ ಸಿಗದೆ ಕನಾಜಾವಾದಿಂದ ತರಿಸಿದ್ದಾಗಿತ್ತು. ಖಾಲಿ ಪೆಟ್ಟಿಗೆ ಹೇಗೋ ಓರೆಯಾಗಿ ಒಳಗೆ ಬಂದಿತ್ತು. ಈಗ ಅದನ್ನು ಓರೆ ಮಾಡುವ ಹಾಗಿರಲಿಲ್ಲ. ಹೊತ್ತಿದ್ದ ಆರು ಮಂದಿಯೂ ಮೀನುಗಾರರು, ಬಲೆ ಎಳೆದು ಬಲಿತ ತೋಳಿನವರು. ಆದರೂ ಅವರ ಕುತ್ತಿಗೆಯ ನರ ಉಬ್ಬಿತ್ತು.

“ಶಾಲೆ ಅಡುಗೆಮನೆ ಬಾಗಿಲಲ್ಲೂ ಹೀಗೇ ಸಿಕ್ಕಿಹಾಕ್ಕೊಳ್ತಿದ್ರು,” ಎಂದಳು ಯೊನೆ. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಶೋಜೊನ ಜೊತೆ ಮಕ್ಕಳಿಗೆ ಊಟ ಬೇಯಿಸಿದವಳು ಅವಳು. “ತರಕಾರಿ ಬುಟ್ಟಿ ಹಿಡ್ಕೊಂಡು ಅಡ್ಡಡ್ಡ ಬರೋರು. ನಾನು ಹಿಂದಿನಿಂದ ತಳ್ಳಬೇಕಿತ್ತು.” ನಗಲು ಹೊರಟ ಅವಳ ಬಾಯಿ ನಡುವೆಯೇ ಸೊಟ್ಟಗಾಯಿತು. ಅವಳು ಕರವಸ್ತ್ರ ಹುಡುಕತೊಡಗಿದಳು.

ಸಮುದ್ರದ ಕಡೆ ಗುಡುಗಿತು. ನವೆಂಬರ್ ಕೊನೆಯ ಗುಡುಗು. ಬುರಿ ಮೀನನ್ನು ದಡದತ್ತ ಅಟ್ಟಿಕೊಂಡು ಬರುವಂಥದ್ದು. ಹೊತ್ತವರಲ್ಲಿ ಒಬ್ಬ ಅಭ್ಯಾಸಬಲದಿಂದ ನೀರಿನತ್ತ ತಿರುಗಿ ನೋಡಿದ.

“ಇವತ್ತು ಮೀನಿನ ಆಸೆ ಬಿಡು. ಕೈ ಬಿಗಿ ಹಿಡಿ,” ಎಂದು ಗೊಹೇ ಗದರಿದ.

ಅಷ್ಟರಲ್ಲಿ ಗೇಟಿನಾಚೆ ಕಪ್ಪು ಕಾರು ಬಂದು ನಿಂತಿತು. ಇಳಿದವನು ಕಪ್ಪು ಸೂಟಿನ ದೊಡ್ಡ ಆಳು. ತಲೆ ಪೂರ್ತಿ ನೆರೆತಿತ್ತು, ನಡಿಗೆಯಲ್ಲಿ ಮಾತ್ರ ಇನ್ನೂ ಹಳೆಯ ಗತ್ತು. ಸಕಾಶಿತಾ ಯಾಸುಕಿಚಿ. ರೈಲು ನಿಲ್ದಾಣದ ಗೋಡೆಯ ಮೇಲೆ ಈಗಲೂ ಅವನ ಚಿತ್ರವಿದೆ. ಈ ಊರಿನಿಂದ ಸುಮೊ ಕಣದ ಅತ್ಯುನ್ನತ ದರ್ಜೆಗೆ ಏರಿದವನು ಅವನೊಬ್ಬನೇ. ನಿವೃತ್ತನಾದ ಮೇಲೆ ಕನಾಜಾವಾದಲ್ಲಿ ದೊಡ್ಡ ಊಟದ ಮನೆ ನಡೆಸುತ್ತಿದ್ದ.

“ಯಾಸು ಬಂದ! ಬಾರೋ, ಕೈ ಕೊಡು,” ಎಂದು ಗೊಹೇ ಹಿಗ್ಗಿದ. ಶೋಜೊ, ಯಾಸು, ಗೊಹೇ ಮೂವರೂ ಒಂದೇ ತರಗತಿಯಲ್ಲಿ ಓದಿದವರು.

ಯಾಸು ಕೋಟು ಬಿಚ್ಚಿ ಪೆಟ್ಟಿಗೆಯ ಕೆಳಗೆ ಭುಜ ಕೊಡಲು ಬಾಗಿದ.

“ನಿಮಗೆ ಸೊಂಟನೋವು ಅಂತ ಕೇಳಿದ್ದೆ,” ಎಂದಳು ಕಿನು. ಶೋಜೊನ ಹೆಂಡತಿ ಅವಳು. ಸತ್ತವನ ಎದೆಯವರೆಗೂ ಬಾರದ ಎತ್ತರ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. “ನೀವು ತೊಂದರೆ ತಗೋಬೇಡಿ. ಹಿಂದೆ ಬನ್ನಿ.”

ದನಿ ಮೆತ್ತಗಿತ್ತು, ಮರ್ಯಾದೆಗೇನೂ ಕೊರತೆ ಇರಲಿಲ್ಲ. ಆದರೆ ಯಾಸು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ಮಗಳು ಚಿಜುರು ಮಾತ್ರ ಅದನ್ನು ಗಮನಿಸಿದಳು. ಮೀನುಗಾರರು ಚೌಕಟ್ಟಿನ ಒಂದು ಕಂಬವನ್ನೇ ಬಿಚ್ಚಿ ಪೆಟ್ಟಿಗೆಯನ್ನು ಹೊರಗೆ ತಂದರು.

*

ನಲವತ್ತು ವರ್ಷದ ಹಿಂದಿನ ಸೆಪ್ಟೆಂಬರ್. ಟೋಕಿಯೊದ ಸುಮೊ ಅಂಗಣ. ಮಧ್ಯಾಹ್ನ ಎರಡೂವರೆ ಗಂಟೆ, ಆಸನಗಳು ಬಹುಪಾಲು ಖಾಲಿ. ದೊಡ್ಡವರ ಪಂದ್ಯಗಳಿಗೆ ಇನ್ನೂ ಹೊತ್ತಿತ್ತು.

ಶೋಜೊ ಮತ್ತು ಯಾಸು ಹದಿನೈದನೆಯ ವಯಸ್ಸಿನಲ್ಲಿ ಒಂದೇ ರೈಲಿನಲ್ಲಿ ಊರು ಬಿಟ್ಟವರು. ಸೇರಿದ್ದು ಮಾತ್ರ ಬೇರೆಬೇರೆ ಗರಡಿ. ಒಂಬತ್ತು ವರ್ಷ ನೆಲ ಒರೆಸಿ, ಅಡುಗೆ ಮಾಡಿ, ಹಿರಿಯರ ಬೆನ್ನುಜ್ಜಿ, ಆ ದಿನ ಇಬ್ಬರೂ ಒಂದೇ ಹೊಸ್ತಿಲ ಮುಂದೆ ನಿಂತಿದ್ದರು. ಆರು ಪಂದ್ಯ ಮುಗಿದಿದ್ದವು. ಇಬ್ಬರಿಗೂ ಮೂರು ಗೆಲುವು, ಮೂರು ಸೋಲು. ಏಳನೆಯದು ಅವರಿಬ್ಬರ ನಡುವೆಯೇ ಬಿದ್ದಿತ್ತು. ಗೆದ್ದವನು ಸಂಬಳ ಸಿಗುವ ಮೇಲಿನ ದರ್ಜೆಗೆ ಹೋಗುತ್ತಾನೆ, ರೇಷ್ಮೆಯ ಸೊಂಟಪಟ್ಟಿ ಕಟ್ಟುತ್ತಾನೆ, ಕಣಕ್ಕೆ ಬರುವಾಗ ಸೊಂಟದ ಮುಂದೆ ಇಳಿಬಿಡುವ ಕಸೂತಿಯ ಮುಂಗವಚವನ್ನು ಊರಿನವರು ಹೊಲಿಸಿ ಕಳಿಸುತ್ತಾರೆ. ಸೋತವನು ಮತ್ತೆ ಬೆನ್ನುಜ್ಜಲು ಹೋಗುತ್ತಾನೆ.

ಊರಿನಲ್ಲಿ ಶೋಜೊನ ತಾಯಿ ಹಾಸಿಗೆ ಹಿಡಿದಿದ್ದಳು. ವೈದ್ಯರು ಹೊಸ ವರ್ಷದವರೆಗೆ ಎಂದಿದ್ದರು. ಅದು ಯಾಸುವಿಗೂ ಗೊತ್ತಿತ್ತು.

ನೆಲಕ್ಕೆ ಮುಷ್ಟಿ ಊರಿ ಎದ್ದ ಗಳಿಗೆಯಲ್ಲೇ ಯಾಸು ಗುದ್ದಿದ. ಶೋಜೊಗೆ ಉಸಿರು ಸಿಗಲಿಲ್ಲ. ಅವನು ಸರಿದ, ಸರಿದ, ಹಿಮ್ಮಡಿಗೆ ಕಣದ ಗಡಿಗೆ ಹೂತ ಹುಲ್ಲಿನ ಸುರುಳಿಯ ಅಂಚು ತಗುಲಿತು. ಅದರಾಚೆ ಕಾಲಿಟ್ಟರೆ ಸೋಲು. ಎಡಗೈಗೆ ಯಾಸುವಿನ ಸೊಂಟದ ಪಟ್ಟಿ ಸಿಕ್ಕಿತ್ತು. ಅವನು ಸೊಂಟ ಇಳಿಸಿ, ಹೊಟ್ಟೆಯನ್ನು ಯಾಸುವಿನ ಹೊಟ್ಟೆಯಡಿಗೆ ತೂರಿಸಿ, ಹಿಂದಕ್ಕೆ ಬಾಗಿದ. ‘ಉತ್ಚಾರಿ’ ಎಂಬ ಪಟ್ಟು ಅದು. ಅಂಚಿನಲ್ಲಿ ಸಿಕ್ಕಿಕೊಂಡವನು ಮೈಮೇಲೆ ಬರುವ ಎದುರಾಳಿಯನ್ನೇ ಎತ್ತಿ, ತಿರುಗಿಸಿ, ಹೊರಗೆ ಎಸೆಯುವುದು. ಬೆನ್ನೆಲುಬು ಮುರಿದರೂ ಮುರಿದೀತು. ಗರಡಿಯಲ್ಲಿ ನೂರು ಸಲ ಪ್ರಯತ್ನಿಸಿದ್ದ, ಒಮ್ಮೆಯೂ ಕೈಗೂಡಿರಲಿಲ್ಲ.

ಒಮ್ಮೆಲೇ ಯಾಸುವಿನ ಭಾರವೇ ಇಲ್ಲವಾಯಿತು. ಇಬ್ಬರೂ ಉರುಳಿ ಕೆಳಗೆ ಬಿದ್ದರು. ಕಣ್ಣಿಗೆ ಮರಳು ಹೊಕ್ಕಿತ್ತು. ಒರೆಸಿಕೊಂಡು ನೋಡಿದರೆ ತೀರ್ಪುಗಾರನ ಬೀಸಣಿಗೆ ತನ್ನತ್ತ ಚಾಚಿತ್ತು.

ಗೆಲುವಿನ ಪಟ್ಟು ಯಾವುದೆಂದು ನಿರ್ಧರಿಸಬೇಕಾದ ಹಿರಿಯರು ಕೂತಿದ್ದ ಕಡೆಗೆ ಯಾಸುವಿನ ಬೆನ್ನಿತ್ತು. ಅವರಿಗೆ ಕಂಡಿದ್ದು ಹುಲ್ಲು ದಾಟಿ ಹೊರಗೆ ಬಿದ್ದ ಅವನ ಕಾಲು ಮಾತ್ರ. ಧ್ವನಿವರ್ಧಕ ಸಾರಿತು: “ಆತುರದ ಹೆಜ್ಜೆ. ಗೆಲುವು ಇಸೊನಾಮಿಗೆ.”

ಇಸೊನಾಮಿ ಎಂಬುದು ಶೋಜೊನ ಕಣದ ಹೆಸರು. ಆತುರದ ಹೆಜ್ಜೆ ಎಂಬುದು ಪಟ್ಟಲ್ಲ. ಎಪ್ಪತ್ತು ಪಟ್ಟುಗಳ ಪಟ್ಟಿಯಲ್ಲಿ ಅದಿಲ್ಲ. ನುಗ್ಗಿ ಬಂದವನು ತಾನಾಗಿ ಕಾಲು ಹೊರಗಿಟ್ಟ, ನಿಂತವನು ಸುಮ್ಮನೆ ಗೆದ್ದ ಎಂದಷ್ಟೇ ಅದರ ಅರ್ಥ.

ಮೂರು ದಿನ ಕಳೆದು ಶೋಜೊ ತಾಯಿಯನ್ನು ನೋಡಲು ಊರಿಗೆ ಹೊರಟ. ಉಯೆನೊ ರೈಲು ನಿಲ್ದಾಣಕ್ಕೆ ಬೀಳ್ಕೊಡಲು ಯಾಸು ಬಂದಿದ್ದ. ಅಷ್ಟರಲ್ಲಿ ಎರಡೂ ಗರಡಿಗಳಲ್ಲಿ ಪಿಸುಮಾತು ಹಬ್ಬಿತ್ತು. ರೈಲಿನ ಕಿಟಕಿಯಿಂದ ತಲೆ ಹೊರಹಾಕಿ ಶೋಜೊ ಕೇಳಿಯೇಬಿಟ್ಟ.

“ಯಾಸು, ನಿಜ ಹೇಳು. ಬಿಟ್ಟುಕೊಟ್ಟೆಯಾ?”

ಯಾಸು ಹಳಿಗಳತ್ತ ನೋಡಿದ. “ಅಮ್ಮನಿಗೆ ಖುಷಿಯಾಯ್ತಲ್ವಾ? ಮತ್ತೇನು,” ಎಂದು ನಕ್ಕ.

ರೈಲು ಹೊರಟಿತು. ಆಮೇಲೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

*

ಚಿತಾಗಾರ ಊರಾಚೆಯ ದಿಬ್ಬದ ಮೇಲಿತ್ತು. ಪುರೋಹಿತರು ಮಂತ್ರ ಮುಗಿಸಿದ ಮೇಲೆ, ಬಿಳಿಗವಸು ತೊಟ್ಟ ನೌಕರ ಬಾಗಿ ನಮಸ್ಕರಿಸಿ ಕಬ್ಬಿಣದ ಬಾಗಿಲು ಮುಚ್ಚಿದ.

“ದೊಡ್ಡ ದೇಹ,” ಎಂದ, ತಪ್ಪು ತನ್ನದೇ ಎಂಬಂತೆ. “ಎರಡೂವರೆ ಗಂಟೆಯಾದರೂ ಹಿಡಿಯುತ್ತೆ.”

ಕಾಯುವ ಕೋಣೆಯಲ್ಲಿ ಚಾಪೆ ಹಾಸಿ ತಗ್ಗಿನ ಮೇಜುಗಳನ್ನಿಟ್ಟಿದ್ದರು. ಯೊನೆ ಮನೆಯಿಂದ ತಂದಿದ್ದ ಅನ್ನದುಂಡೆಗಳನ್ನು ಬಿಚ್ಚಿದಳು. ಚಿಜುರು ಚಹಾ ಸುರಿದಳು, ಗೊಹೇ ಸಾಕೆ ಮದ್ಯದ ಬಾಟಲಿ ತೆರೆದ. ಯಾಸು ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ ಕೂತಿದ್ದ.

“ಈ ಉಂಡೆಗೆ ಉಪ್ಪು ಕಮ್ಮಿ,” ಎಂದ ಗೊಹೇ.

“ಉಪ್ಪು ಹಾಕೋರು ಒಳಗಿದ್ದಾರೆ,” ಎಂದಳು ಯೊನೆ. “ನಾನು ಯಾವತ್ತೂ ಉಪ್ಪಿನ ಡಬ್ಬಿ ಮುಟ್ಟಿದೋಳಲ್ಲ. ಮುನ್ನೂರು ಮಕ್ಕಳ ಸಾರಿಗೆ ಕಣ್ಣಳತೆಯಲ್ಲೇ ಹಾಕೋರು ಪುಣ್ಯಾತ್ಮ.”

“ಮಕ್ಕಳಿಗೆ ಗೊತ್ತಿತ್ತಾ ಅವನು ಪೈಲ್ವಾನ ಅಂತ?”

“ಆ ಮೈ ನೋಡಿ ಗೊತ್ತಾಗದೆ ಇರುತ್ತಾ? ಕೇಳೋವು. ‘ಮಾವ, ನಿಮ್ಮ ಪಟ್ಟು ಯಾವುದು?’ ಅಂತ. ‘ಮೂಲಂಗಿ ಹೆಚ್ಚೋದು’ ಅನ್ನೋರು. ಅಷ್ಟೇ. ಒಂದು ದಿನ ಕೂಡ ಆ ವಿಷಯ ಬಾಯಿಬಿಟ್ಟು ಹೇಳಿದೋರಲ್ಲ.”

ಕೋಣೆಯಲ್ಲಿ ಸಣ್ಣಗೆ ನಗೆ ಎದ್ದಿತು. ಕಿನು ನಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

*

ಮದುವೆಯ ಮಾತುಕತೆಯ ದಿನ ಶೋಜೊ ಕಿನುವಿಗೆ ಹೇಳಿದ್ದು ಒಂದೇ ಸಂಗತಿ. ಆಗ ಅವನಿಗೆ ಇಪ್ಪತ್ತೊಂಬತ್ತು. ಮಂಡಿ ಕೆಟ್ಟು, ಕಣ ಬಿಡುವ ಪೈಲ್ವಾನರಂತೆ ಜುಟ್ಟಿನ ಗಂಟು ಕತ್ತರಿಸಿಕೊಂಡು ಊರಿಗೆ ಮರಳಿ ಆರು ತಿಂಗಳಾಗಿತ್ತು.

“ಮೇಲಿನ ದರ್ಜೆಯಲ್ಲಿ ನಾನಿದ್ದಿದ್ದು ಹದಿನೈದೇ ದಿನ. ನಾಲ್ಕು ಗೆದ್ದೆ, ಹನ್ನೊಂದು ಸೋತೆ,” ಎಂದಿದ್ದ. “ಆ ಹದಿನೈದು ದಿನವೂ ಒಬ್ಬ ಸ್ನೇಹಿತ ಕೊಟ್ಟ ಭಿಕ್ಷೆ. ಬೇರೆಯವರ ಬಾಯಿಂದ ನಿಮಗೆ ತಿಳಿಯೋದು ಬೇಡ ಅಂತ ಹೇಳ್ತಿದೀನಿ.”

ಕಿನುವಿಗೆ ಸುಮೊ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ದನಿಯಲ್ಲಿ ಮಾತಾಡುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಒಪ್ಪಿಕೊಂಡಳು.

ಊರಿನವರು ಹೊಲಿಸಿಕೊಟ್ಟ ಕಸೂತಿಯ ಮುಂಗವಚ ಬೀರುವಿನ ತಳದಲ್ಲಿ ಕರ್ಪೂರದ ಗುಳಿಗೆಗಳ ಜೊತೆ ಮಡಚಿ ಕೂತಿತು. ಶೋಜೊನ ತಾಯಿ ಅದನ್ನು ತೊಟ್ಟ ಮಗನ ಭಾವಚಿತ್ರವನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಡಿಸೆಂಬರಿನಲ್ಲಿ ತೀರಿಕೊಂಡಿದ್ದಳು. ಆಮೇಲೆ ದರ್ಜೆ ದರ್ಜೆ ಮೇಲೇರಿದ ಯಾಸುವಿನ ಪಂದ್ಯ ಟಿವಿಯಲ್ಲಿ ಬಂದಾಗ ಶೋಜೊ ಎದ್ದು ಹೋಗುತ್ತಿರಲಿಲ್ಲ. ಕೊನೆಯವರೆಗೂ ನೋಡಿ, ಯಾಸು ಗೆದ್ದರೆ “ಹ್ಞೂಂ” ಎಂದು ಒಲೆಯ ಕಡೆ ಹೋಗುತ್ತಿದ್ದ.

ಚಿಜುರುಗೆ ಹತ್ತು ವರ್ಷವಿದ್ದಾಗ ಒಂದು ಸಂಜೆ ಹಿತ್ತಲಿಗೆ ಓಡಿ ಬಂದಳು. ಅಪ್ಪ ಪರ್ಸಿಮನ್ ಮರಕ್ಕೆ ಬೆನ್ನು ಹತ್ತಿಸಿ ನಿಂತಿದ್ದ. ಮಂಡಿ ಮಡಿಸಿ, ಸೊಂಟ ಇಳಿಸಿ, ಎಡಗೈಯಲ್ಲಿ ಗಾಳಿಯನ್ನು ಹಿಡಿದು, ಮೆಲ್ಲಗೆ ಹಿಂದಕ್ಕೆ ಬಾಗುತ್ತಿದ್ದ. ಮತ್ತೆ ನೆಟ್ಟಗಾದ. ಮತ್ತೆ ಬಾಗಿದ. ಏನನ್ನೋ ನೆನಪು ಮಾಡಿಕೊಳ್ಳುವವನ ಮುಖ.

“ಅಪ್ಪ, ಏನ್ ಮಾಡ್ತಿದೀರಾ?”

“ಸೊಂಟ ಹಿಡ್ಕೊಂಡಿತ್ತು ಕಣಮ್ಮ,” ಎಂದು ಅವನು ಒಳಗೆ ಹೋಗಿದ್ದ.

*

ಮೂರನೆಯ ಲೋಟ ಮುಗಿಸುವ ಹೊತ್ತಿಗೆ ಗೊಹೇಯ ಕಣ್ಣು ಕೆಂಪಗಾಗಿತ್ತು. ಅವನು ಮಂಡಿಯೂರಿಕೊಂಡೇ ಸರಿದು ಯಾಸುವಿನ ಲೋಟ ತುಂಬಿಸಿದ.

“ಇಲ್ಲಿ ಬಾರೋ, ಅಲ್ಲಿ ಚಪ್ಪಲಿ ಕಾಯೋನ ಹಾಗೆ ಕೂತಿದೀಯ. ನಾನು ಇವತ್ತು ಹೇಳ್ತೀನಿ, ಹೇಳಲೇಬೇಕು.” ಎಲ್ಲರತ್ತ ತಿರುಗಿದ. “ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳಲ್ಲ. ಅವತ್ತು ಇವನು ಆ ಕಾಲು ಹೊರಗಿಟ್ಟಿದ್ದಕ್ಕೆ ಶೋಜೊನ ಅಮ್ಮ ನೆಮ್ಮದಿಯಿಂದ ಕಣ್ಣು ಮುಚ್ಚಿದ್ರು. ತನ್ನ ದರ್ಜೆಯನ್ನೇ ಬಿಟ್ಟುಕೊಟ್ಟ. ನಾವ್ಯಾರಾದ್ರೂ ಹಾಗೆ ಮಾಡ್ತಿದ್ವಾ? ದೊಡ್ಡ ಮನಸ್ಸು ಅಂದ್ರೆ ಅದು!”

ಕಿನುವಿನ ಕೈಯ ಬಟ್ಟಲು ಮೇಜಿಗೆ ತಗುಲಿ ಸದ್ದಾಯಿತು.

“ಸುಮ್ನಿರು ಗೊಹೇ,” ಎಂದ ಯಾಸು.

“ಯಾಕೆ ಸುಮ್ನಿರಬೇಕು? ಸತ್ತೋನೂ ಒಮ್ಮೆ ನನ್ನ ಹತ್ರ ಇದನ್ನೇ ಹೇಳಿದ್ದ.”

“ಸುಮ್ನಿರು ಅಂದೆ!”

ಗಾಜಿನ ಕಿಟಕಿ ಅದುರಿತು. ಯಾಸು ಎರಡೂ ಅಂಗೈಗಳನ್ನು ಚಾಪೆಗೆ ಊರಿದ. ಅಷ್ಟು ದೊಡ್ಡ ಬೆನ್ನು ಮುದುಡಿಕೊಂಡಿತ್ತು.

“ನಾನು ಕಾಲು ಇಡಲಿಲ್ಲ,” ಎಂದ. “ಅವನು ಎಸೆದ.”

ಗೊಹೇ ಬಾಟಲಿಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ.

“ಗೆದ್ದೆ ಅಂದ್ಕೊಂಡು ಮೈಮೇಲೆ ಬಿದ್ದೆ. ಅವನ ಹೊಟ್ಟೆ ನನ್ನ ಹೊಟ್ಟೆಯಡಿಗೆ ಬಂತು. ಎಡಗೈ ಪಟ್ಟಿಯಲ್ಲಿತ್ತು. ಮೊದಲು ನನ್ನ ಹಿಮ್ಮಡಿ ಎದ್ದಿತು. ಆಮೇಲೆ ಪೂರ್ತಿ ನಾನೇ ಎದ್ದೆ. ನೂರ ಮೂವತ್ತು ಕಿಲೋ ಇದ್ದೆ ಆಗ. ಗಾಳೀಲಿ ಇದ್ದೋನು ಕಾಲು ಎಲ್ಲಿಡಬೇಕು ಅಂತ ಆರಿಸ್ಕೊಳ್ಳೋಕಾಗುತ್ತಾ? ಕಾಲು ಬಿದ್ದ ಕಡೆ ಬಿತ್ತು. ಅಷ್ಟು ಚೆಂದದ ಉತ್ಚಾರಿ ನನ್ನ ಮೇಲೆ ಆಮೇಲೆ ಯಾರೂ ಹಾಕಲಿಲ್ಲ. ಹದಿಮೂರು ವರ್ಷ ಆಡಿದೆ, ಒಬ್ಬನೂ ಹಾಕಲಿಲ್ಲ.”

“ಮತ್ತೆ... ಎಲ್ಲರೂ ಹೇಳಿದ್ದು?” ಗೊಹೇಯ ದನಿ ಇಳಿದುಹೋಗಿತ್ತು.

“ಅವತ್ತು ಸಂಜೆ ಗರಡಿಯ ಸ್ನಾನದ ಮನೆಯಲ್ಲಿ ಹಿರಿಯನೊಬ್ಬ ಕೇಳಿದ. ‘ಏನೋ, ಊರಿನ ಹುಡುಗ ಅಂತ ಬಿಟ್ಟುಕೊಟ್ಟೆಯಾ?’ ನಾನು ನಕ್ಕೆ. ಅಷ್ಟೇ ಮಾಡಿದ್ದು. ಸೋತೋನು ಅನ್ನಿಸಿಕೊಳ್ಳೋದಕ್ಕಿಂತ ಅದು ಚೆನ್ನಾಗಿತ್ತು. ಬೆಳಗಾಗೋದ್ರಲ್ಲಿ ನಾನು ದೊಡ್ಡ ಮನುಷ್ಯ ಆಗಿಬಿಟ್ಟಿದ್ದೆ.”

ಅವನು ಚಾಪೆಯ ಹೆಣಿಗೆಯನ್ನು ಹೆಬ್ಬೆರಳಿನಿಂದ ಒತ್ತಿದ.

“ರೈಲಿನಲ್ಲಿ ಅವನು ಕೇಳಿದಾಗ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಅವನ ಕಣ್ಣಲ್ಲಿ ಕೃತಜ್ಞತೆ ಇತ್ತು. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ.”

“ಈಗ ಯಾಕೆ ಹೇಳ್ತೀರಾ?” ಚಿಜುರು ಎದ್ದು ನಿಂತಿದ್ದಳು. ಕೈಯಲ್ಲಿ ಚಹಾದ ಕೆಟಲು ಹಾಗೇ ಇತ್ತು. “ಕೇಳಿಸ್ಕೋಬೇಕಾದೋರು ಒಲೆಯೊಳಗಿದ್ದಾರೆ. ನಮಗೆ ಹೇಳಿ ಯಾರ ಹೊಟ್ಟೆ ತಣ್ಣಗಾಗಬೇಕು? ನಿಮ್ಮದಾ?”

“ಹೌದು,” ಎಂದ ಯಾಸು. “ಇರಬಹುದು.”

“ನಾನು ನೋಡಿದೀನಿ. ಹಿತ್ತಲಲ್ಲಿ ಒಬ್ಬರೇ ಬಾಗ್ತಿದ್ರು. ತಾನೇ ಎತ್ತಿದ್ನಾ, ಇಲ್ವಾ ಅಂತ... ಐವತ್ತು ವಯಸ್ಸಲ್ಲೂ ಬಾಗ್ತಿದ್ರು!” ಯೊನೆ ಎದ್ದು ಅವಳ ಕೈಯಿಂದ ಕೆಟಲು ತೆಗೆದುಕೊಂಡಳು.

ಕಿನು ಇನ್ನೂ ತಲೆ ಎತ್ತಿರಲಿಲ್ಲ. ಹಾಗೇ ಕೇಳಿದಳು.

“ಅವರ ಬಲಗೈ ಎಲ್ಲಿತ್ತು?”

ಯಾಸುವಿಗೆ ಅರ್ಥವಾಗಲಿಲ್ಲ.

“ಎಡಗೈ ಪಟ್ಟಿಯಲ್ಲಿತ್ತು ಅಂದ್ರಿ. ಬಲಗೈ?”

“ನನ್ನ... ನನ್ನ ಕಂಕುಳಡಿ. ಇಲ್ಲಿ.” ಅವನು ತೋರಿಸಿದ.

“ಕಾಲು?”

“ಎರಡೂ ಹುಲ್ಲಿನ ಮೇಲೆ. ಬೆರಳ ತುದೀಲಿ ನಿಂತಿದ್ದ.”

“ಏನಾದ್ರೂ ಅಂದ್ರಾ?”

“ಇಲ್ಲ. ಉಸಿರು ಬಿಟ್ಟ. ಕಿವಿ ಹತ್ರ. ಭಾರದ ಪಾತ್ರೆ ಎತ್ತೋವಾಗ ಬಿಡ್ತಾರಲ್ಲ, ಹಾಗೆ.”

ಕಿನು ಒಂದೊಂದನ್ನೂ ಕೇಳಿ ತಲೆಯಾಡಿಸಿದಳು. ತಾನು ಹತ್ತಿರ ಇಲ್ಲದಾಗ ಗಂಡನಿಗೆ ಏನಾಯಿತೆಂದು ವೈದ್ಯರನ್ನು ಕೇಳುವವಳಂತಿದ್ದಳು. ಮೂರು ದಿನದ ಹಿಂದೆ ಅವನು ಮೂಲಂಗಿ ಹೆಚ್ಚುತ್ತ ಅಡುಗೆಮನೆಯಲ್ಲಿ ಕುಸಿದಾಗಲೂ ಅವಳು ಪಕ್ಕದಲ್ಲಿರಲಿಲ್ಲ, ಬಟ್ಟೆ ಹರವಲು ಹೋಗಿದ್ದಳು.

“ನಿಮ್ಮ ಅಣ್ಣನ ಮನೆ ನಮ್ಮ ಬೀದಿಯಲ್ಲೇ ಇದೆ,” ಎಂದಳು. “ಪ್ರತಿ ಹೊಸ ವರ್ಷಕ್ಕೂ ನೀವು ಬರ್ತಿದ್ರಿ. ಅಲ್ಲಿಂದ ನಮ್ಮ ಬಾಗಿಲಿಗೆ ಐವತ್ತು ಹೆಜ್ಜೆಯೂ ಇಲ್ಲ. ನಲವತ್ತು ವರ್ಷದಲ್ಲಿ ಒಂದು ಸಲ, ಒಳಗೆ ಬರೋದೂ ಬೇಡ, ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ರೂ ಸಾಕಿತ್ತು.”

“ಗೇಟಿನವರೆಗೆ ಎರಡು ಸಲ ಬಂದಿದ್ದೆ.”

“ನೋಡಿದ್ದೆ. ಚಹಾಕ್ಕೆ ನೀರು ಇಟ್ಟಿದ್ದೆ. ಇವರೂ ಎದ್ದು ಅಂಗಿ ಬದಲಾಯಿಸಿದ್ರು.”

ಯಾಸು ಹಣೆಯನ್ನು ಚಾಪೆಗೆ ಹಚ್ಚಿದ. ಕಿನು ಅವನಿಗೆ ಏಳಿ ಎನ್ನಲಿಲ್ಲ. ಗೊಹೇ ತುಂಬಿದ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದ. ಕುಡಿಯುವುದೋ ಕೆಳಗಿಡುವುದೋ ತೋಚದೆ, ಕೊನೆಗೆ ಅದನ್ನು ಬಾಟಲಿಗೇ ಸುರಿಯಲು ಹೋಗಿ ಚಾಪೆಯ ಮೇಲೆಲ್ಲ ಚೆಲ್ಲಿದ.

ಹೊರಗೆ ಆಲಿಕಲ್ಲು ಬೀಳತೊಡಗಿತು. ಸೂರಿನ ತಗಡಿನ ಮೇಲೆ ಆ ಸದ್ದು ಜೋರಾಗುವ ಹೊತ್ತಿಗೆ ನೌಕರ ಬಂದು ಬಾಗಿಲ ಬಳಿ ನಿಂತ. “ಆಯಿತು. ಮನೆಯವರು ದಯವಿಟ್ಟು ಬನ್ನಿ.”

*

ಬಿಸಿ ಇನ್ನೂ ಆರದ ತಟ್ಟೆಯ ಮೇಲೆ ಶೋಜೊ ಬೆಳ್ಳಗೆ ಚದುರಿದ್ದ. ನೌಕರ ಎರಡೆರಡು ಉದ್ದ ಕಡ್ಡಿಗಳನ್ನು ಮನೆಯವರ ಕೈಗಿತ್ತ. ಮೂಳೆಯನ್ನು ಇಬ್ಬಿಬ್ಬರು ಜೊತೆಯಾಗಿ ಹಿಡಿದೆತ್ತಿ ಕಲಶಕ್ಕೆ ಇಡಬೇಕು, ಕಾಲಿನಿಂದ ಮೊದಲು. ಕಿನು ಮತ್ತು ಚಿಜುರು ಪಾದದ ಚೂರುಗಳನ್ನು ಎತ್ತಿದರು. ಆಮೇಲೆ ಗೊಹೇ ಮತ್ತು ಯೊನೆ ಒಂದು ಮಂಡಿಚಿಪ್ಪನ್ನು. ಗೊಹೇ ಮಗುವಿನ ಹಾಗೆ ಅಳುತ್ತಿದ್ದ.

“ಇಂಥ ಸೊಂಟದ ಮೂಳೆ ನಾನು ನೋಡಿಯೇ ಇಲ್ಲ,” ಎಂದ ನೌಕರ. ಅವನಿಗೆ ಏನೂ ಗೊತ್ತಿರಲಿಲ್ಲ. “ಈ ಬೆಂಕಿಯಲ್ಲೂ ಒಡೆದಿಲ್ಲ. ಅನುಮತಿ ಕೊಟ್ಟರೆ ನಾನೇ ತಟ್ಟಿ ಸಣ್ಣದು ಮಾಡ್ತೀನಿ. ಹೀಗೇ ಕಲಶದಲ್ಲಿ ಹಿಡಿಸೋದು ಕಷ್ಟ.”

“ಬೇಡ,” ಎಂದಳು ಕಿನು. “ತಟ್ಟಬೇಡಿ.”

ಕಡ್ಡಿಗಳನ್ನು ಚಾಚಿದಳು. ಚಿಜುರು ಇನ್ನೊಂದು ಬದಿಗೆ ಬಂದಳು. ಕಿನು ಮಗಳ ಕೈಯನ್ನು ಮೆಲ್ಲಗೆ ಸರಿಸಿದಳು.

“ಯಾಸುಕಿಚಿಯವರೇ.”

ಅವನು ಹೊರಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದ. ಕೋಟಿನ ಭುಜದ ಮೇಲೆ ಆಲಿಕಲ್ಲು ಕರಗುತ್ತಿತ್ತು.

“ಬನ್ನಿ. ಇದು ಭಾರ ಇದೆ.”

“ಅಮ್ಮ!” ಎಂದಳು ಚಿಜುರು. ಕಿನು ತಿರುಗಿ ನೋಡಲಿಲ್ಲ.

ಯಾಸು ಬಂದ. ನೌಕರ ಕೊಟ್ಟ ಕಡ್ಡಿಗಳು ಅವನ ದಪ್ಪ ಬೆರಳುಗಳ ನಡುವೆ ಸರಿಯಾಗಿ ಕೂರದೆ ಒಂದಕ್ಕೊಂದು ತಾಗಿ ಟಕಟಕ ಎಂದವು. ಎರಡು ಸಲ ಮೂಳೆ ಜಾರಿತು. ಕಿನು ತನ್ನ ತುದಿಯನ್ನು ಹಿಡಿದುಕೊಂಡೇ ಕಾದಳು. ಮೂರನೆಯ ಸಲ ಅದು ಎದ್ದಿತು. ಆ ಎತ್ತರದವನು ಅವಳ ಎತ್ತರಕ್ಕೆ ಸರಿಹೋಗಲು ಮಂಡಿ ಮಡಿಸಿ, ಬೆನ್ನು ಬಾಗಿಸಿ ನಡೆಯಬೇಕಾಯಿತು. ಒಂದೊಂದೇ ಹೆಜ್ಜೆ ಇಟ್ಟು ಅವರು ಮೇಜಿನ ತುದಿಗೆ ಬಂದರು.

ಕಲಶದ ಬಾಯಿ ಕೆಳಗಿತ್ತು. ನೌಕರ ಇನ್ನು ಇಳಿಸಬಹುದು ಎಂಬಂತೆ ತಲೆ ಬಾಗಿಸಿದ. ಬಿಳಿಯ ಮೂಳೆ ಅವರಿಬ್ಬರ ನಡುವೆ ಗಾಳಿಯಲ್ಲಿ ನಿಂತಿತ್ತು. ಇಬ್ಬರಲ್ಲಿ ಯಾರೂ ಮೊದಲು ಬಿಡಲಿಲ್ಲ.